ಹನ್ನೆರಡು ಫೂಟಿನ ದಾರಿ

ಹಾಲಗೇರಾ, ರಾಯಿಕೋಡ್ ಮಂಡಲ
12 ನವೆಂಬರ್ 2025

ಚಿರಂಜೀವಿ ಸ್ವರೂಪಾಗ ಲಿಂಗರಾಜ ಸರ್ ಮಾಡುವ ಆಶೀರ್ವಾದ.

ಏನವ್ವ, ಕಂಡಕ್ಟರ್ ಚೀಲ ಹೆಗಲಿಗಿ ಬಿದ್ದ ಮ್ಯಾಲ ಈ ಮುದುಕನ್ನ ಮರತೇ ಬಿಟ್ಟಿ. ಮೂರು ತಿಂಗಳಾತು, ಒಂದು ಕಾರ್ಡಿಲ್ಲ. ಏಳನೇತ್ತದಾಗ ನಿಮಗೆಲ್ಲ ಏನ್ ಹೇಳಿದ್ದೆ? ಎಲ್ಲಿ ಹೋದ್ರೂ ವರ್ಷಕ್ಕ ನಾಕು ಪತ್ರ ಕನ್ನಡದಾಗ ಬರೀಬೇಕು, ಇಲ್ಲಂದ್ರ ಕೈ ಜಂಗ್ ಹಿಡಿತದ ಅಂತ. ಮೂವತ್ತೆರಡು ಮಂದ್ಯಾಗ ಬರಿಯಾಕಿ ನೀ ಒಬ್ಬಾಕಿ. ವಾಟ್ಸಾಪಿನಾಗ ಗುಡ್ ಮಾರ್ನಿಂಗ್ ಹೂವ ಕಳಸೋರು ಬಾಳ ಮಂದಿ ಇದ್ದಾರ. ಆ ಹೂವ ತಗೊಂಡು ನಾ ಏನ್ ಮಾಡ್ಲಿ?

ಇರಲಿ, ಸುದ್ದಿ ಕೇಳು. ಪಂಚಾಯತಿ ಎಲೆಕ್ಷನ್ ಇವತ್ತೋ ನಾಳೆನೋ ಬರ್ಲತ್ತದ. ಸರಪಂಚ್ ಜಾಗ ಹೆಣ್ಮಕ್ಕಳಿಗಿ ಬಿದ್ದದ. ನಮ್ಮ ಪಾರ್ಟಿ ಶಾಖೆಯಿಂದ ಬಂಡೆಪ್ಪನ ಹೆಂಡ್ತಿ ಮಂಗಲಾನ್ನ ನಿಲ್ಲಸ್ಲತ್ತೀವಿ. ಬಂಡೆಪ್ಪ ಶಾಖೆ ಅಧ್ಯಕ್ಷ, ನಾ ಕಾರ್ಯದರ್ಶಿ. ರಿಟೈರ್ ಆದ ಮಾಸ್ತರಗ ಇದಕ್ಕಿಂತ ದೊಡ್ಡ ನೌಕರಿ ಯಾರು ಕೊಡ್ತಾರ ಹೇಳು! ಪಂಚಾಯತಿ ಎಲೆಕ್ಷನ್ನಾಗ ಪಾರ್ಟಿ ಗುರ್ತು ಇರಂಗಿಲ್ಲಲ್ಲ, ಕತ್ತರಿ ಗುರ್ತು ಕೇಳೀವಿ, ಅದೇ ಸಿಗ್ತದ ಅಂತ ಭರವಸಾ ಅದ.

ಹೋದ ವಾರ ಶಾಖೆ ಕೂತು ಮೂರು ಮಾತು ಠರಾವು ಮಾಡೀವಿ. ಒಂದು, ತೆಲುಗು ರಾಜ್ಯದಾಗ ಇದ್ರೂ ನಮ್ಮೂರ ಕನ್ನಡ ಸಾಲಿ ಮುಚ್ಚಬಾರದು. ಎರಡು, ನಾರಾಯಣಖೇಡಕ್ಕ ನೇರ ಬಸ್ಸು ಬೇಕು. ಮೂರನೇದು ಕೇಳಿ ನೀ ಕುಣೀತಿ. ನಿಮ್ಮ ದಲಿತ ವಾಡಾದ ಸ್ಮಶಾನಕ್ಕ ಬಂಡೆಪ್ಪನ ಹೊಲದ ಬದುವಿನ ಮ್ಯಾಲ ಹನ್ನೆರಡು ಫೂಟಿನ ದಾರಿ, ಗೆದ್ದ ಮೂರು ತಿಂಗಳದಾಗ! ಬಂಡೆಪ್ಪ ತಾನೇ ಕೈ ಎತ್ಯಾನ. ನಿಮ್ಮ ಅಜ್ಜಿ ಹೆಣ ಹಳ್ಳದಾಗ ಎದಿಮಟ್ಟ ನೀರಾಗ ಒಯ್ದದ್ದು ನಾ ದಂಡ್ಯಾಗ ನಿಂತು ನೋಡಿದಾಂವ. ಆವತ್ತಿನಿಂದ ಇದೊಂದು ಮನಸಿನಾಗ ಇತ್ತು.

ಈ ಮೂರು ಮಾತಿನ ಪ್ರಚಾರದ ತೆಲುಗು ಚೀಟಿ ಜಹೀರಾಬಾದಿನಾಗ ಛಾಪಿಸೀವಿ, ಒಂದು ಇದರಾಗ ಇಟ್ಟೀನಿ. ಹಳದಿ ಕಾಗದ, ಮ್ಯಾಲ ಕತ್ತರಿ. ನಮ್ಮ ಓಣಿ ಮಂದಿಗಿ ಕನ್ನಡದ್ದು ಬೇಕು. ಆ ಪ್ರೆಸ್ಸಿನಾಗ ತೆಲುಗು ಅದ, ಉರ್ದು ಅದ, ಕನ್ನಡ ಅಕ್ಷರ ಕೂಡ್ಸೋರು ಇಲ್ಲ. ಅದನ್ನ ನಾನೇ ಕೈಲೇ ಬರೀತೀನಿ, ನಿಮ್ಮ ವಾಡಾದ ಪ್ರವೀಣಕುಮಾರ ತನ್ನ ಅಂಗಡ್ಯಾಗ ಜೆರಾಕ್ಸ್ ಹೊಡೀತಾನ.

ನೀ ಓಟಿನ ಮುಂದ ಎರಡು ದಿನ ರಜಾ ಹಾಕಿ ಬಾ. ನಿಮ್ಮ ಮಂದಿ ಯಾರ ಮಾತು ಕೇಳಲಿಲ್ಲಂದ್ರೂ ನಿನ್ನ ಮಾತು ಕೇಳ್ತಾರ.

ನಿನ್ನ
ಲಿಂಗರಾಜ ಸರ್


ತಾಂಡೂರ
20 ನವೆಂಬರ್ 2025

ಪೂಜ್ಯ ಸರ್ ಅವರಿಗೆ ಸ್ವರೂಪಾಳ ನಮಸ್ಕಾರಗಳು.

ಸರ್, ಬೈಬ್ಯಾಡ್ರಿ. ಹೆಣ್ಮಕ್ಕಳಿಗಿ ಬಸ್ಸು ಫ್ರೀ ಆದಾಗಿಂದ ನನಗ ಉಸುರು ಬಿಡಾಕ ಟೈಮಿಲ್ಲ. ಕರಣಕೋಟ ಟ್ರಿಪ್ಪಿನಾಗ ನಿನ್ನೆ ತೊಂಬತ್ತು ಮಂದಿ ಏರಿದ್ರು. ಫ್ರೀ ಇದ್ರೂ ಜೀರೋ ಟಿಕೀಟು ಹರದು ಕೊಡಲೇಬೇಕು. ಒಬ್ಬಾಕಿ ಮುದುಕಿ, "ರೊಕ್ಕ ಇಲ್ಲದ ಟಿಕೀಟು ನನಗ್ಯಾಕ, ನೀನೇ ಇಟ್ಕೊ" ಅಂತಾಳ. ಹಂಗಾ ನಗಕೋತ ಡ್ಯೂಟಿ ಮುಗಸ್ತೀನಿ.

ನಿಮ್ಮ ಪತ್ರ ಡಿಪೋದಾಗ ಬೆಂಚಿನ ಮ್ಯಾಲ ಕೂತು ಓದಿದೆ. ಮೂರನೇ ಮಾತಿಗಿ ಬಂದಾಗ ಕಣ್ಣಾಗ ನೀರು ಬಂದ್ವು ಸರ್. ಸುಳ್ಳ್ಯಾಕ ಹೇಳ್ಲಿ. ಡ್ರೈವರ್ ಪೋಚಪ್ಪ ಅಣ್ಣ, "ಊರಾಗ ಯಾರರೆ ಹೋದ್ರೇನು?" ಅಂತ ಗಾಬರಿಯಾಗಿ ಕೇಳ್ದ. ಇಲ್ಲಣ್ಣ, ಹೋಗೋರಿಗಿ ದಾರಿ ಸಿಕ್ಕದ ಅಂದೆ.

ಅಜ್ಜಿನ್ನ ಒಯ್ದಾಗ ನನಗ ಹದಿನಾಲ್ಕು ವರ್ಷ. ಚೆಕ್ ಡ್ಯಾಮ್ ಕಟ್ಟಿದ ಮ್ಯಾಲ ಆ ಹಳ್ಳದ ನೀರು ಬ್ಯಾಸಗ್ಯಾಗೂ ಇಳಿಯಂಗಿಲ್ಲ. ನಡು ನೀರಾಗ ಅಪ್ಪನ ಕಾಲು ಜಾರಿತು, ಅಜ್ಜಿ ಮ್ಯಾಲಿನ ಅರಿವಿ ತೇಲಿ ಹೋತು. ಅಪ್ಪ ಇವತ್ತಿಗೂ ಅದನ್ನ ಹೇಳಿದ್ರ ಮಾತು ಅರ್ಧಕ್ಕ ನಿಲ್ಲಸ್ತಾನ. ಮೊದ್ಲೇ ಹಾಸುಗಲ್ಲು ಪಾಲಿಶ್ ಮಾಡೂ ಧೂಳು ಕುಡದು ಅವನ ಎದಿ ಹಾಳಾಗ್ಯದ. "ಅವ್ವನ ಮಗ್ಗಲಿಗಿ ಹಾಕ್ರಿ, ಆದ್ರ ನೀರಾಗ ಒಯ್ಯಬ್ಯಾಡ್ರಿ" ಅಂತ ಅವ್ವಗ ಹೇಳಿ ಇಟ್ಟಾನಂತ. ಅದಕ್ಕ ನನಗ ಈ ದಾರಿ ಬಗ್ಗೆ ಇಷ್ಟು ಜೀವ.

ಚೀಟಿ ಫೋನಿನಾಗ ಅಪ್ಪಗ ಓದಿ ಹೇಳ್ದೆ. "ಮತ್ತೊಮ್ಮೆ ಓದು" ಅಂದ. ಮೂರು ಸಲ ಓದಿಸ್ದ. ಕತ್ತರಿ ಚಿತ್ರ ಬಾಗಲಿಗಿ ಅಂಟಸ್ತಾನಂತ.

ನಾ ಮುದ್ದಾಂ ಬರ್ತೀನಿ. ನಿಮ್ಮ ಸಲುವಾಗಿ ಮನಿ ಮನಿ ತಿರಗ್ತೀನಿ.

ನಿಮ್ಮ ವಿದ್ಯಾರ್ಥಿನಿ
ಸ್ವರೂಪಾ


ಹಾಲಗೇರಾ
3 ಡಿಸೆಂಬರ್ 2025

ಚಿ. ಸ್ವರೂಪಾಗ ಆಶೀರ್ವಾದ.

ಪತ್ರ ಮುಟ್ಟಿತು. ಗಡಿಬಿಡ್ಯಾಗ ನಾಕು ಸಾಲು ಬರೀಲತ್ತೀನಿ. ನಮ್ಮ ಓಣ್ಯಾಗಿನ ಸಿದ್ದರಾಮ ತನ್ನ ಸೊಸೀನ್ನ ಎದುರಿಗಿ ನಿಲ್ಲಿಸ್ಯಾನ. ಬಂಡೆಪ್ಪ ಹೈರಾಣ ಆಗ್ಯಾನ. ಮೊನ್ನೆ ನಾರಾಯಣಖೇಡದ ಸಭಾದಾಗ ಮ್ಯಾಲಿನೋರು, "ನಿಮ್ಮ ಓಣಿನೇ ಒಡದ್ರ ಹ್ಯಾಂಗ?" ಅಂತ ಎಲ್ಲಾರ ಮುಂದ ಕೇಳಿಬಿಟ್ರು.

ನೀ ಬಂದ್ರ ವಾಡಾದಾಗಷ್ಟೇ ತಿರುಗು. ನಮ್ಮ ಬಸವಣ್ಣನ ಗುಡಿ ಓಣಿಗಿ ಬರೂದು ಬ್ಯಾಡ, ಅದನ್ನ ನಾ ನೋಡ್ಕೋತೀನಿ. ಬ್ಯಾರೆ ಏನೂ ತಿಳ್ಕೋಬ್ಯಾಡ. ಒಬ್ಬೊಬ್ಬರಿಗಿ ಒಂದೊಂದು ಥರ ತಿಳಿಸಿ ಹೇಳಬೇಕಾಗ್ತದ, ಅಷ್ಟೇ.

ಅಪ್ಪಗ ಕೇಳ್ದೆ ಅನ್ನು. ಬಿಸಿನೀರು ಕುಡೀಲಿ.

ಲಿಂಗರಾಜ ಸರ್


ತಾಂಡೂರ
24 ಡಿಸೆಂಬರ್ 2025

ಪೂಜ್ಯ ಸರ್ ಅವರಿಗೆ ನಮಸ್ಕಾರಗಳು.

ಮಂಗಲಾ ಅಕ್ಕ ಮೂವತ್ತೇಳು ಓಟಿಲೆ ಗೆದ್ದದ್ದು ತಿಳೀತು. ನಮ್ಮ ವಾಡಾದ ನೂರಾ ಎಂಟು ಓಟು ಒಂದೂ ಆಚಿಗಿ ಹೋಗಿಲ್ಲ ಅಂತ ಅಪ್ಪ ಹೇಳ್ದ. ಮೆರವಣಿಗ್ಯಾಗ ಬಂಡೆಪ್ಪಣ್ಣ ಅವನ ಕೊರಳಿಗೊಂದು ಹೂವಿನ ಹಾರ ಹಾಕಿದ್ನಂತ. ಬಾಡಿದ ಹಾರ ಇನ್ನಾ ಗೂಟಕ್ಕ ಅದಂತ.

ಸರ್, ಒಂದು ಮಾತು ಹ್ಯಾಂಗ ಬರೀಬೇಕೋ ತಿಳೀವಲ್ದು. ಊರಿಂದ ವಾಪಸ್ ಬರುವಾಗ ಕೊಹೀರಿನಾಗ ಬಸ್ಸು ಬದಲ ಮಾಡ್ದೆ. ಕಿಡಕಿ ಸಂದ್ಯಾಗ ಒಂದು ಹಳದಿ ಚೀಟಿ ಸಿಕ್ಕಿಸಿದ್ರು. ಮ್ಯಾಲ ಕತ್ತರಿ. ಕನ್ನಡದಾಗ ಬರದದ್ದು. ಅದರಾಗ ಹಿಂಗದ: "ಸ್ಮಶಾನದ ನೆವದಿಂದ ನಮ್ಮ ಓಣಿಯ ಯಾರ ಹೊಲದಾಗಿಂದೂ ದಾರಿ ಹೋಗುವುದಿಲ್ಲ. ಒಂದು ಗೇಣು ಬದು ಸರಿಯುವುದಿಲ್ಲ. ಇದು ನಮ್ಮ ಶಾಖೆಯ ಮಾತು."

ಅಕ್ಷರ ಥೇಟ್ ನಿಮ್ಮದೇ. ಅದಕ್ಕ ನನಗ ಬಾಳ ಸಂಕಟ ಆಗ್ಲತ್ತದ. ನಿಮ್ಮ ಕೈಯಾಗ ಕಲತೋರದೆಲ್ಲ ಒಂದೇ ಅಕ್ಷರ, ಯಾರರೆ ನಿಮ್ಮ ಅಕ್ಷರ ನಕಲ್ ಮಾಡಿರಬೇಕು. ನೀವು ಬರದದ್ದು ತಗದು ಇದನ್ನ ಹಂಚಿರಬೇಕು. ಹೌದಲ್ರಿ ಸರ್? ನೀವು ಹೌದಂದ್ರ ಸಾಕು, ನಾ ಈ ಚೀಟಿ ಹರದು ಒಗೀತೀನಿ. ಅಪ್ಪಗ ಇನ್ನಾ ಹೇಳಿಲ್ಲ.

ನಿಮ್ಮ ಉತ್ತರದ ದಾರಿ ಕಾಯ್ಲತ್ತೀನಿ.

ಸ್ವರೂಪಾ


ಹಾಲಗೇರಾ
29 ಡಿಸೆಂಬರ್ 2025

ಚಿರಂಜೀವಿ ಸೌಭಾಗ್ಯವತಿ ಸ್ವರೂಪಾಗ ನಿನ್ನ ಗುರುವಿನ ಅನಂತ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಹೌದವ್ವ, ನೀ ಅಂದದ್ದು ಖರೆ. ಮೋಸ ಆಗ್ಯದ. ನಾ ಬರದದ್ದರಾಗ ಹನ್ನೆರಡು ಫೂಟಿನ ದಾರಿ ಅಂತ ಸ್ಪಷ್ಟ ಇತ್ತು. ಅದನ್ನ ಪ್ರವೀಣಕುಮಾರನ ಕೈಯಾಗ ಕೊಟ್ಟೆ. ನಡುವ ಏನಾತು, ಅವನಿಗೇ ಗೊತ್ತು. ನೀ ಹೇಳ್ದಂಗ ಅವನ ಅಕ್ಷರಾನೂ ನನ್ನದೇ ಅಚ್ಚು, ನಾನೇ ತಿದ್ದಿಸಿದ್ದು. ಸಿದ್ದರಾಮನ ಮಂದಿ ಅವನ್ನ ಒಳಗ ಹಾಕ್ಕೊಂಡಿರಬೇಕು. ನಾ ಯಾರ ಮ್ಯಾಲೂ ಸುಳ್ಳು ಹೇಳೋನಲ್ಲ, ನಿನಗ ಗೊತ್ತದ. ಆದ್ರ ಲೆಕ್ಕ ಹಾಕಿ ನೋಡಿದ್ರ ಬ್ಯಾರೆ ಯಾರೂ ಸಿಗವಲ್ರು.

ನಿಮ್ಮ ಅಪ್ಪ ಬ್ಯಾರೆ ಯಾರಿಂದರೆ ಕೇಳಿ ಮನಸು ಕೆಡಿಸಿಕೋಬಾರದು ಅಂತ ನಾನೇ ನಿನ್ನೆ ನಿಮ್ಮ ಮನಿಗಿ ಹೋಗಿ ತಿಳಿಸಿ ಬಂದೀನಿ. "ಸಾಯಪ್ಪ, ಹಿಂಗೊಂದು ಖೋಟಾ ಚೀಟಿ ಹಂಚ್ಯಾರ, ನಂಬಬ್ಯಾಡ, ಪ್ರವೀಣನ ಕೆಲಸ ಇರಬೇಕು" ಅಂದೆ. ನಿಮ್ಮವ್ವ ಲಚ್ಚಮ್ಮ ನನಗ ಚಹಾ ಮಾಡಿ ಕೊಟ್ಟಳು. ಸಾಯಪ್ಪ, "ನೀವು ಇದ್ದೀರಲ್ರಿ ಸರ್, ನನಗ್ಯಾಕ ಫಿಕರ್" ಅಂದ. ದೊಡ್ಡ ಮನಸಿನ ಮನುಷ್ಯ.

ಆ ಚೀಟಿ ಹರದು ಒಗಿ. ಇಟ್ಕೊಂಡು ಏನ್ ಮಾಡ್ತಿ? ಇಟ್ಕೋಬ್ಯಾಡ.

ಹೊಸ ವರ್ಷ ಒಳ್ಳೇದಾಗಲಿ.

ನಿನ್ನ
ಲಿಂಗರಾಜ ಸರ್


ತಾಂಡೂರ
11 ಜನವರಿ 2026

ಸರ್ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಎಂಟು ದಿನಾತು. ನಾ ನಿಮಗ ಯಾರ ಹೆಸರೂ ಕೇಳಿದ್ದಿಲ್ಲ.

ವಾಡಾದಾಗ ಪ್ರವೀಣನ್ನ ಅಂಬೇಡ್ಕರ್ ಕಟ್ಟಿ ಮುಂದ ನಿಲ್ಲಿಸಿ ಕೇಳ್ಯಾರ. "ನೀನೇ ಬರದೇನು?" ಅಂದ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಜೆರಾಕ್ಸ್ ನಾನೇ ಹೊಡದದ್ದು" ಅಂತ ಒಂದೇ ಮಾತು. ಅಪ್ಪ ಎಲ್ಲಾರ ಮುಂದ, "ನಮ್ಮ ಹೊಟ್ಟ್ಯಾಗ ಹುಟ್ಟಿ ನಮ್ಮ ಹೆಣದ ದಾರಿ ಮಾರಿದ್ಯಲ್ಲೋ" ಅಂದಾನ. ಇನ್ನ ನನ್ನ ಬಾಗಲಿಗಿ ಬರಬ್ಯಾಡ ಅಂತ ಹೇಳಿ ಕಳಿಸ್ಯಾನ. ಸಂಕ್ರಾಂತಿ ಹತ್ರ ಬಂತು, ಅವನ ಅಂಗಡಿಗಿ ನಮ್ಮವರು ಯಾರೂ ಹೋಗವಲ್ರಂತ.

ಅಪ್ಪನ ದಮ್ಮು ಜಾಸ್ತಿಯಾಗ್ಯದ. ಇಲ್ಲಿಗಿ ಕರಕೊಂಡು ಬಂದೀನಿ, ದವಾಖಾನ್ಯಾಗ ಸೇರಿಸೀನಿ. ದಿನಾ ಒಂದೇ ಕೇಳ್ತಾನ: ಅಳತಿ ಮಾಡಾಕ ಬಂದ್ರೇನು, ಕಲ್ಲು ನಟ್ರೇನು?

ನಾ ಏನ್ ಹೇಳ್ಲಿ ಸರ್? ದಾರಿ ಯಾವಾಗ? ಅಷ್ಟು ಬರೀರಿ.

ಸ್ವರೂಪಾ


ಹಾಲಗೇರಾ
22 ಜನವರಿ 2026

ಶ್ರೀಮತಿ ಸ್ವರೂಪಾ ಅವರಿಗೆ,

ತಮ್ಮ ಪತ್ರ ತಲುಪಿದೆ. ಸ್ಮಶಾನದ ದಾರಿಯ ವಿಷಯವು ಶಾಖೆಯ ಪರಿಶೀಲನೆಯಲ್ಲಿದೆ. ಸದರಿ ಜಮೀನಿನ ಸರ್ವೆ ಆಗಬೇಕಾಗಿದ್ದು, ನಂತರ ಗ್ರಾಮಸಭೆಯಲ್ಲಿ ಇಡಲಾಗುವುದು. ಎಲ್ಲರ ಹಿತವನ್ನೂ ಗಮನದಲ್ಲಿ ಇಟ್ಟುಕೊಂಡು ಸೂಕ್ತ ಕಾಲದಲ್ಲಿ ನಿರ್ಣಯ ಕೈಗೊಳ್ಳಲಾಗುವುದು.

ತಮ್ಮ ತಂದೆಯವರ ಆರೋಗ್ಯ ಬೇಗ ಸುಧಾರಿಸಲೆಂದು ಶಾಖೆಯ ಪರವಾಗಿ ಹಾರೈಸುತ್ತೇವೆ.

ಲಿಂಗರಾಜ
ಕಾರ್ಯದರ್ಶಿ

(ಸ್ವರೂಪಾ, ಬಂಡೆಪ್ಪ ಬದುವಿಗಿ ಮುಳ್ಳುತಂತಿ ಹಾಕಿಸ್ಯಾನ. ಹಂದಿ ಕಾಟಕ್ಕಂತ. ನಾ ಹೇಳಿ ನೋಡ್ದೆ.)


ತಾಂಡೂರ
12 ಫೆಬ್ರವರಿ 2026

ಸರ್, ಜೈಭೀಮ್.

ಅಪ್ಪ ಹೋದ. ನಾಕನೇ ತಾರೀಖು ಮಧ್ಯಾಹ್ನ ಇಲ್ಲೇ ದವಾಖಾನ್ಯಾಗ. ನಿಮಗ ಗೊತ್ತದ, ಆದ್ರೂ ಬರೀಬೇಕು ಅಂತ ಬರೀಲತ್ತೀನಿ.

ಮರುದಿನ ತಂತಿ ಮಟ ಒಯ್ದು ನಿಲ್ಲಿಸಿದ್ವಿ. ಬಂಡೆಪ್ಪಣ್ಣ ಊರಾಗಿಲ್ಲ, ಜಹೀರಾಬಾದಿಗಿ ಹೋಗ್ಯಾನ ಅಂದ್ರು. ತಂತಿ ಗೇಟಿನ ಕೀಲಿ ಯಾರ ಹತ್ರ ಅಂದ್ರ ಯಾರಿಗೂ ಗೊತ್ತಿಲ್ಲ. ಬಿಸಿಲು ಏರ್ಲತ್ತಿತ್ತು. ಕಡೀಕ ಹಳ್ಳಕ್ಕೇ ಇಳಿದ್ವಿ. ನೀರು ನಡಮಟ್ಟ ಇತ್ತು. ಮುಂದಿನ ಹೆಗಲು ಕೊಡಾಕ ಗಟ್ಟಿಮುಟ್ಟ ಮನುಷ್ಯಾ ಬೇಕಿತ್ತು. ಪ್ರವೀಣ ಯಾರಿಗೂ ಏನೂ ಕೇಳದೆ ಬಂದು ಹೆಗಲು ಕೊಟ್ಟ. ಅಪ್ಪ ಬಾಗಲಿಗಿ ಬರಬ್ಯಾಡ ಅಂದಿದ್ದ, ಅದಕ್ಕ ಅಂವ ಮನಿ ಮುಂದ ಬಂದಿದ್ದಿಲ್ಲ, ಹಳ್ಳದ ದಂಡ್ಯಾಗ ಕಾಯ್ಲತ್ತಿದ್ದ. ಯಾರೂ ಬ್ಯಾಡ ಅನ್ನಲಿಲ್ಲ.

ನೀವು ಬಂದಿದ್ರಿ. ಆಚಿ ದಂಡ್ಯಾಗ ಬೇವಿನ ಗಿಡದ ಬುಡಕ ಟವಲ್ ಮುಖಕ್ಕ ಹಿಡಕೊಂಡು ನಿಂತಿದ್ರಿ. ನಾ ನೋಡ್ದೆ. ನಮ್ಮನ್ಯಾಗ ಗಂಡಮಕ್ಕಳಿಲ್ಲ, ಮಣ್ಣಿಗಿ ಒಯ್ಯುವಾಗ ಮುಂದ ಹಿಡಿಯೂ ಬೆಂಕಿ ಗಡಗಿ ನಾನೇ ಹಿಡದಿದ್ದೆ. ಅದಕ್ಕ ನಿಮಗ ಕೈಮುಗೀಲಿಲ್ಲ.

ಸ್ವರೂಪಾ


ಹಾಲಗೇರಾ
27 ಫೆಬ್ರವರಿ 2026

ಸ್ವರೂಪಾ,

ಆಶೀರ್ವಾದ ಅಂತ ಬರಿಯಾಕ ಮನಸು ಒಪ್ಪವಲ್ದು.

ಆ ಚೀಟಿ ನಾನೇ ಬರದದ್ದು. ಯಾರೂ ನಕಲ್ ಮಾಡಿಲ್ಲ. ಡಿಸೆಂಬರ್ ಎರಡನೇ ತಾರೀಖು ಮುಂಜಾನಿ ಬಂಡೆಪ್ಪ ನಮ್ಮ ಕಟ್ಟಿಗಿ ಬಂದು ಕೂತು, "ಸರ್, ದಾರಿ ಅಂದ್ರ ನಮ್ಮ ಓಣಿ ಸಿದ್ದರಾಮನ ಕಡಿ ಹೋಗ್ತದ, ವಾಡಾಕ್ಕ ದಾರಿ ಅನ್ನದಿದ್ರ ವಾಡಾ ಹೋಗ್ತದ. ನೀವು ಶ್ಯಾಣ್ಯಾರು, ಏನರೆ ಮಾಡ್ರಿ" ಅಂದ. ನಾ ಹೇಳ್ದೆ, ತೆಲುಗಿನಾಗ ಒಂದು ಅದ, ಅದು ವಾಡಾಕ್ಕ ಇರಲಿ, ಕನ್ನಡದಾಗ ಬ್ಯಾರೆ ಬರೀತೀನಿ, ಈಗ ಕನ್ನಡ ಓದೋರು ನಮ್ಮ ಓಣ್ಯಾಗಷ್ಟೇ ಇದ್ದಾರ ಅಂತ. ಈ ಉಪಾಯ ಬಂಡೆಪ್ಪಂದಲ್ಲ, ನಂದು. ಒಂದು ಕಪ್ ಚಹಾ ಮುಗಿಯೂದರಾಗ ಬರದೆ. ಅಕ್ಷರ ದುಂಡಗ ಬಂದಾವ ಅಂತ ಖುಷೀನೂ ಪಟ್ಟೆ. ಥೂ, ನನ್ನ ಬಾಳಿಗಿಷ್ಟು!

ಬರಿಯುವಾಗ ನಿನ್ನ ನೆನಪು ಬಂತು. ಬರಲಿಲ್ಲಂತ ಸುಳ್ಳು ಹೇಳಲಾರೆ. ವಾಡಾದಾಗಿಂದ ಕನ್ನಡ ಸಾಲಿಗಿ ಬಂದೋರು ನೀ ಮತ್ತ ಪ್ರವೀಣ, ಇಬ್ಬರೇ. ನಾನೇ ಸಾಯಪ್ಪನ ಕೈ ಹಿಡದು, ಮಗಳನ್ನ ಕಳಿಸು ಅಂತ ಹೇಳಿ ಕರಕೊಂಡು ಬಂದಿದ್ದೆ. ಸ್ವರೂಪಾ ತಾಂಡೂರಿನಾಗ ಇದ್ದಾಳ, ಓಟಿಗಿ ಬಂದ್ರೂ ವಾಡಾದಾಗಷ್ಟೇ ತಿರಗ್ತಾಳ, ಆಕಿ ಕೈಗಿ ಇದು ಸಿಗಂಗಿಲ್ಲ ಅಂದ್ಕೊಂಡೆ. ಪ್ರವೀಣ ನನ್ನ ಮಾತು ಮೀರಂಗಿಲ್ಲ ಅಂದ್ಕೊಂಡೆ. ಅಂವ ಚೀಟಿ ಓದಿ ನನ್ನ ಮುಖ ನೋಡಿದ್ದ. "ಎಲೆಕ್ಷನ್ ಮುಗಿಲಿ, ದಾರಿ ಕೊಟ್ಟೇ ಕೊಡ್ತೀವಿ" ಅಂದೆ. ನಂಬಿದ.

ಆ ಮ್ಯಾಲ ನೀ ಆ ಪತ್ರ ಬರದಿ. ಯಾರೋ ನಕಲ್ ಮಾಡ್ಯಾರ ಅಂತ ನೀನೇ ತಿಳ್ಕೊಂಡಿದ್ದಿ. ಪಾಪ, ಗುರುವಿನ ಮ್ಯಾಲ ಅಷ್ಟು ಭರವಸಾ. ನಾ ಅದನ್ನ ಹಿಡಕೊಂಡು ಪಾರಾಗಾಕ ನೋಡ್ದೆ. ಪ್ರವೀಣನ ಹೆಸರು ಒಂದೇ ಉಸುರಿನಾಗ ಬರದೆ. ನಿಮ್ಮ ಮನಿಗಿ ಹೋಗಿ, ಲಚ್ಚಮ್ಮನ ಚಹಾ ಕುಡದು, ನಿಮ್ಮ ಅಪ್ಪನ ಮುಂದ ಅದೇ ಸುಳ್ಳು ಹೇಳಿ ಬಂದೆ.

ಹೋದ ಸೋಮವಾರ ಬಸವಣ್ಣನ ಗುಡ್ಯಾಗ ಭಜನಿ ಮುಗಿದ ಮ್ಯಾಲ ಎದ್ದು ನಿಂತು ಎರಡೂ ಚೀಟಿ ಓದ್ದೆ. ಎರಡೂ ನನ್ನವು ಅಂದೆ. ಸಿದ್ದರಾಮ ನಕ್ಕ. ಬಂಡೆಪ್ಪ, "ಸರ್, ಇದು ಪಾರ್ಟಿ ಕೆಲಸ, ನಿಮ್ಮ ಸಾಲಿ ಅಲ್ಲ" ಅಂದ. ಸರಪಂಚ್ ಮಂಗಲಾ ಬಾಗಲದಾಗ ನಿಂತು, "ನನ್ನ ಹೆಸರಿಲೆ ಎರಡು ಚೀಟಿ ಹೋಗ್ಯಾವ ಅಂತ ನನಗೇ ಗೊತ್ತಿಲ್ಲಲ್ರಿ" ಅಂದಳು. ಶಾಖೆಯಿಂದ ನನ್ನ ತಗದಾರ. ಅದರದೇನೂ ದುಃಖಿಲ್ಲ.

ಅದನ್ನೆಲ್ಲ ಒಂದು ಹಾಳಿ ಮ್ಯಾಲ ಬರದು, ಕೆಳಗ ರುಜು ಮಾಡಿ ಪ್ರವೀಣನ ಅಂಗಡಿಗಿ ಒಯ್ದೆ. ಅಂವ ಓದದೇ ಮಶೀನಿನಾಗ ಇಟ್ಟು, "ಎಷ್ಟು ಕಾಪಿ ಸರ್?" ಅಂದ. ಒಂದು ಕಾಪಿ ಹೊರಗ ಬಂದ ಮ್ಯಾಲ ಓದ್ದ. ಮಶೀನ್ ಬಂದ್ ಮಾಡ್ದ. "ಇದನ್ನ ಸಾಯಪ್ಪ ಕಾಕಾ ಇದ್ದಾಗ ಬರೀಬೇಕಿತ್ತು ಸರ್" ಅಂದ. ಆಮ್ಯಾಲ ಮತ್ತ ಚಾಲೂ ಮಾಡಿ ನೂರು ಕಾಪಿ ತಗದು ಕೊಟ್ಟ.

ವಾಡಾಕ್ಕ ಹೊಂಟೆ. ಅಂಬೇಡ್ಕರ್ ಕಟ್ಟಿ ಮಟ ಹೋದೆ. ಅಲ್ಲಿಂದ ನಿಮ್ಮ ಬಾಗಲ ಕಾಣಸ್ತು, ಲಚ್ಚಮ್ಮ ಜ್ವಾಳ ಹಸನ ಮಾಡ್ಲತ್ತಿದ್ಲು. ನಮ್ಮ ಓಣ್ಯಾಗ ಬಾಯಿ ಬಿಟ್ಟಾಂವಗ ಅಲ್ಲಿ ಬಾಯಿ ಬರಲಿಲ್ಲ. ವಾಪಸ್ ಬಂದೆ. ನೂರೂ ಕಾಪಿ ಇಲ್ಲೇ ನನ್ನ ಟೇಬಲ್ ಮ್ಯಾಲ ಅದಾವ.

ಅದಕ್ಕ ನಿನಗ ಕೇಳ್ಲತ್ತೀನಿ. ನೀ ಒಮ್ಮೆ ಬಂದು ನನ್ನ ಪರವಾಗಿ ನಿಮ್ಮ ಮಂದಿಗಿ ಹೇಳ್ತಿ ಏನು? ನಿನ್ನ ಮಾತು ಕೇಳ್ತಾರ.

ಲಿಂಗರಾಜ


ತಾಂಡೂರ
8 ಮಾರ್ಚ್ 2026

ಸರ್, ಜೈಭೀಮ್.

ನಿಮ್ಮ ಪತ್ರ ಕರಣಕೋಟ ಬಸ್ಸಿನಾಗ ಕಡೀ ಸೀಟಿನಾಗ ಕೂತು ಓದಿದೆ. ಪೋಚಪ್ಪ ಅಣ್ಣ ಎರಡು ಸ್ಟಾಪು ಸೀಟಿ ಹೊಡೀಲಿಲ್ಲಂತ ಬೈದ.

ನಿಮ್ಮ ಪರವಾಗಿ ನಾ ಹೇಳಂಗಿಲ್ಲ. ಎಲೆಕ್ಷನ್ನಾಗ ನಿಮ್ಮ ಪರವಾಗಿ ಒಂದು ಸಲ ಹೇಳಿದ್ದೇ ಸಾಕು. ನೀವೇ ಹೋಗ್ರಿ. ಅವ್ವ ಕಟ್ಟಿಗಿ ತಗೊಂಡು ಹೊಡಿಯೂದಿಲ್ಲ. ಮತ್ತ ಚಹಾನೇ ಮಾಡಿ ಕೊಡ್ತಾಳ, ಅದನ್ನ ಕುಡದು ಹೇಳಬೇಕು ನೀವು.

ಈಗ ನಂದು ಕೇಳ್ರಿ. ನಿಮ್ಮಿಂದ 'ಪಾಪ' ಅನ್ನಿಸಿಕೊಳ್ಳುವಂಥಾಕಿ ನಾ ಅಲ್ಲ. ನಕಲ್ ಅಂತ ನಾ ಯಾವತ್ತೂ ತಿಳ್ಕೊಂಡಿದ್ದಿಲ್ಲ. ನಿಮ್ಮ ಅಕ್ಷರ ನನಗ ಗುರ್ತು ಸಿಗಂಗಿಲ್ಲೇನು ಸರ್? ಸ್ಲೇಟಿನ ಮ್ಯಾಲ ನನ್ನ ಕೈ ಹಿಡದು ತಿದ್ದಿಸಿದ ಅಕ್ಷರ ಅದು. ಮೊದಲನೇ ಸಾಲು ನೋಡಿದ ಕೂಡಲೇ ತಿಳೀತು. ನೀವೇ ಬಾಯಿಬಿಟ್ಟು ನಂದು ಅನ್ನಲಿ, ಇಜ್ಜತ್ ಉಳೀಲಿ ಅಂತ ಹಂಗ ಬರದೆ. ನೀವು ಪ್ರವೀಣನ ಹೆಸರು ಹೇಳಿಬಿಟ್ರಿ. ನನ್ನ ನಾಟಕ ಅವನ ಕೊರಳಿಗಿ ಬಂತು.

ಇನ್ನೊಂದು ಸುಳ್ಳದ. ಚೀಟಿ ವಾಪಸ್ ಬರುವಾಗ ಸಿಕ್ಕಿತು ಅಂತ ಬರದಿದ್ದೆ. ಅಲ್ಲ. ಊರಿಗಿ ಬರುವಾಗಲೇ ಕೊಹೀರ್ ಬಸ್ಸಿನಾಗ ಸಿಕ್ಕಿತ್ತು, ಓಟಿನ ಎರಡು ದಿನ ಮುಂಚೆ. ಓದಿ ಚೀಲದಾಗ ಇಟ್ಕೊಂಡೆ. ಅದನ್ನ ಚೀಲದಾಗ ಇಟ್ಕೊಂಡೇ ಎರಡು ದಿನ ವಾಡಾದಾಗ ಮನಿ ಮನಿ ಮುಂದ ಕೈಮುಗದು ನಿಂತು, ಕತ್ತರಿಗಿ ಹಾಕ್ರಿ, ದಾರಿ ಬರ್ತದ ಅಂದೆ. ಯಾಕಂದ್ರ ಕೇಳ್ರಿ. ನಾ ಬಾಯಿ ಬಿಟ್ರ ನಿಮ್ಮ ಹೆಸರು ಹೊಲಸಾಗ್ತಿತ್ತು. ನಮ್ಮ ಸರ್ ಹಂಗಲ್ಲ ಅಂತ ಹದಿನೈದು ವರ್ಷ ಎಲ್ಲಾರ ಮುಂದ ಹೇಳಿದಾಕಿ ನಾ, ನನ್ನ ಮುಖ ಎಲ್ಲಿ ಇಡ್ಲಿ? ನಿಮ್ಮ ಮರ್ಯಾದಿ ಅನ್ನೂದು ನೆವ, ನನ್ನ ಮುಖದ್ದೇ ಫಿಕರ್ ಆಗಿತ್ತು. ನೂರಾ ಎಂಟು ಓಟಿನಾಗ ಎಷ್ಟು ನನ್ನ ಮಾತಿಗಿ ಬಿದ್ದಾವೋ ಗೊತ್ತಿಲ್ಲ. ನೆನಸಿದ್ರ ಶರಮಿಲೆ ಸಾಯಬೇಕು ಅನ್ನಸ್ತದ.

ಬರೂ ಶನಿವಾರ ರಜಾ ಹಾಕೀನಿ. ಮೊದ್ಲು ಪ್ರವೀಣನ ಅಂಗಡಿಗಿ ಹೋಗ್ತೀನಿ. ಅವನ ಕಾಲು ಹಿಡೀತೀನಿ, ಬಿಡಸ್ಕೊಂಡ್ರೂ ಹಿಡೀತೀನಿ. ಆಮ್ಯಾಲ ಕಟ್ಟಿ ಮುಂದ ನಿಂತು ನಂದು ನಾ ಹೇಳ್ತೀನಿ. ನೀವು ಬರೂದಾದ್ರ ನಾಕು ಗಂಟೆಗಿ ಬರ್ರಿ, ಆ ನೂರು ಕಾಪಿ ತಗೊಂಡು. ನನ್ನ ಮಗ್ಗಲಿಗಿ ನಿಂತು ನಿಮ್ಮದು ನೀವು ಹೇಳ್ರಿ. ಆ ಮ್ಯಾಲ ದಾರಿ ಸಲುವಾಗಿ ಎಲ್ಲಾರೂ ಕೂಡಿ ಸಂಗಾರೆಡ್ಡಿಗಿ ಕಲೆಕ್ಟರ್ ಹತ್ರ ಅರ್ಜಿ ಒಯ್ಯೂದದ. ಬರಿಯೋರು ಬೇಕು. ಬರದದ್ದನ್ನ ಸಹಿ ಹಾಕೂದಕಿಂತ ಮೊದ್ಲು ಎಲ್ಲಾರ ಮುಂದ ಎರಡೂ ಭಾಷಾದಾಗ ಓದಬೇಕು.

ಆ ಚೀಟಿ ಹರದು ಒಗಿ ಅಂದಿದ್ರಿ. ಒಗೀಲಿಲ್ಲ. ಅದು ಏನಾತು ಅಂತ ನಿಮಗೊಬ್ರಿಗೇ ಹೇಳಬೇಕು, ಬ್ಯಾರೆ ಯಾರಿಗೂ ಹೇಳಿಲ್ಲ.

ಜನವರಿ ಕಡೀಕ ದವಾಖಾನ್ಯಾಗ ನಾ ಡ್ಯೂಟಿಯಿಂದ ಬಂದು ಚೀಲ ಅಪ್ಪನ ಮಂಚದ ಮ್ಯಾಲ ಇಟ್ಟಿದ್ದೆ. ಅಪ್ಪ ನೀರಿನ ಬಾಟ್ಲಿ ಹುಡುಕಾಕ ಕೈ ಹಾಕಿದ, ಹಳದಿ ಕಾಗದ ಸಿಕ್ಕಿತು. ಕತ್ತರಿ ನೋಡಿ ಗುರ್ತು ಹಿಡದ. ಅವನಿಗಿ ತೆಲುಗು ಯಾವುದು ಕನ್ನಡ ಯಾವುದು ಏನ್ ಗೊತ್ತು? "ಇದು ಖೋಟಾ ಅಲ್ಲಲ್ಲ? ನಮ್ಮ ಸರ್ ಬರದದ್ದೇ ಅದಲ್ಲ?" ಅಂದ. ಹೌದಪ್ಪ, ಸರ್ ಬರದದ್ದೇ ಅಂದೆ. ಅಷ್ಟು ಮಾತ್ರ ಖರೆ ಹೇಳ್ದೆ. "ಓದು" ಅಂದ. ನಿಮ್ಮ ದುಂಡನ ಅಕ್ಷರ ಕಣ್ಣ ಮುಂದ ಹಿಡಕೊಂಡು, ಒಂದು ಗೇಣು ಬದು ಸರಿಯುವುದಿಲ್ಲ ಅನ್ನೂ ಸಾಲಿನ ಮ್ಯಾಲ ಬೆರಳು ಇಟ್ಕೊಂಡು, "ಸಾಯಪ್ಪನ ವಾಡಾಕ್ಕ ಹನ್ನೆರಡು ಫೂಟಿನ ದಾರಿ, ಮೂರು ತಿಂಗಳದಾಗ" ಅಂತ ಓದ್ದೆ. ಅವನ ಹೆಸರು ನಾನೇ ಸೇರಿಸ್ದೆ. ಅಪ್ಪ ನಕ್ಕ. ದಿನಾ ಸಂಜೀಗಿ ಅದನ್ನೇ ಓದಿಸ್ಲತ್ತಿದ್ದ, ಏಳು ದಿನ ಓದ್ದೆ.

ಮಡಚಿ ಅಂಗಿ ಕಿಸೇದಾಗ ಇಟ್ಕೊಂಡಿದ್ದ. ಹಳ್ಳ ದಾಟಿದ ಮ್ಯಾಲ ಅವ್ವ, ಕಿಸೇದಾಗ ಏನೋ ಅದ, ತಗಿಲೇನು ಅಂದ್ಲು. ಬ್ಯಾಡ, ಅದು ಅಪ್ಪಂದು ಅಂದೆ. ಅಜ್ಜಿ ಮಗ್ಗಲಿಗಿ ಮಣ್ಣಾಗ ಅವನ ಜೊತಿ ಅದ ಈಗ ನಿಮ್ಮ ಚೀಟಿ.

ಸ್ವರೂಪಾ